ದೇವರ ಗೂಡಿನಲ್ಲಿ ಮೇಕೆಮರಿ

“ಅತ್ತೆ, ಪುಸ್ತಕಗಳೆಲ್ಲಿ?”

ಸೊಸೆಯ ದನಿ ಕೇಳಿಸಿದರೂ ಪುಟ್ಟಬಸಮ್ಮ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. ರವೆ ಹುರಿಯುವಾಗ ಅತ್ತಿತ್ತ ನೋಡಿದರೆ ತಳ ಹಿಡಿಯುತ್ತದೆ ಎಂಬುದು ನೆಪ. ಸೊಸೆಯ ಮುಖ ನೋಡುವ ಧೈರ್ಯ ಇರಲಿಲ್ಲ ಎಂಬುದು ನಿಜ. ಪವಿತ್ರ ಆಗಲೇ ಹಾಸಿಗೆ ಕೊಡವಿ, ಮಂಚದಡಿ ಬಗ್ಗಿ, ಬೀರುವಿನ ಬಟ್ಟೆಯನ್ನೆಲ್ಲ ಎಳೆದು ಹಾಕಿ ಮನೆ ಜಾಲಾಡಿ ಬಂದಿದ್ದಳು. ಅವಳ ದುಪಟ್ಟಾದ ತುದಿ ಹಿಡಿದು ಮೂರು ವರ್ಷದ ಗಾನವಿ ನಿಂತಿತ್ತು. ಮಗು ಏನೂ ಕೇಳಲಿಲ್ಲ. ಕೇಳುವುದೆಲ್ಲಿ ಬಂತು... ಗಾನವಿ ಅಂತ ಚೆಂದದ ಹೆಸರಿಟ್ಟುಕೊಂಡ ಆ ಕೂಸು ಹುಟ್ಟಿದಾಗಿನಿಂದ ಒಂದೇ ಒಂದು ಮಾತು ಆಡಿರಲಿಲ್ಲ! ಅಳುತ್ತಿತ್ತು, ಕಿಲಕಿಲ ನಗುತ್ತಿತ್ತು, ಬೇಕಾದ್ದಕ್ಕೆ ಬೆರಳು ತೋರುತ್ತಿತ್ತು, ಅಷ್ಟೆ. ಈಗಲೂ ಬೆರಳು ತೋರಿಸಿತು. ಪವಿತ್ರ ಆ ಬೆರಳು ಹೋದತ್ತ ಕತ್ತೆತ್ತಿ ನೋಡಿದಳು.

ನಡುಮನೆಯ ದೇವರ ಗೂಡಿನಲ್ಲಿ, ನಂಜುಂಡೇಶ್ವರನ ಪಟಕ್ಕೆ ಒರಗಿಸಿದ ಹಾಗೆ, ಹಳದಿ ಬಟ್ಟೆಯ ಒಂದು ಗಂಟು ಕೂತಿತ್ತು. ಗಂಟಿಗೆ ವಿಭೂತಿ ಬಳಿದು, ಮೇಲೊಂದು ದಾಸವಾಳವನ್ನೂ ಏರಿಸಿಯಾಗಿತ್ತು!

“ಅತ್ತೆ! ಮಗೂನ ಪುಸ್ತಕ ತಗೊಂಡೋಗಿ ಅಲ್ಯಾಕೆ ಇಟ್ರಿ?”

“ಇನ್ನೆಲ್ಲಿ ಇಡಾನವ್ವ? ಅದರ ತಿಕದಡಿ ಇಡ್ಲಾ?” ಪುಟ್ಟಬಸಮ್ಮ ಒಲೆ ಆರಿಸಿ ಸರ್ರನೆ ತಿರುಗಿದಳು. “ನೆನ್ನೆ ಕಣ್ಣಾರ ಕಂಡಿವ್ನಿ. ಚಡ್ಡಿ ಇಲ್ದೆ ಪುಸ್ತಕದ ಮ್ಯಾಲೆ ಕುಂತು ಅಲ್ಲೇ ಉಚ್ಚೆ ಉಯ್ಕತು. ನೀನು ನಗಾಡ್ತಾ ವರೆಸ್ಕಂಡೆ! ಸರಸ್ವತಿ ಕೂಸಿನ ನಾಲ್ಗೆ ಮ್ಯಾಲೆ ಬರ್ಲಿ ಅಂತ ನಾನು ದಿನಾ ಬೆಳಿಗ್ಗೆ ಬಜೆ ತೇದು ನೆಕ್ಕಿಸ್ತೀನಿ. ನೀನು ಅದೇ ಸರಸ್ವತೀನ ತಂದು ನೆಲಕ್ಕೆ ಆಸಿ ಅದರ ಮ್ಯಾಲೆ ಕೂಸ್ನ ಕೂರುಸ್ತಿ. ಇನ್ನೆಲ್ಲಿಂದ ಬಂದಾತು ಮಾತು?”

“ಮೈಸೂರಲ್ಲಿ ಡಾಕ್ಟ್ರು ಹೇಳಿದ್ದನ್ನ ನೀವೂ ಪಕ್ಕದಲ್ಲೇ ಕೂತು ಕೇಳಿದ್ರಲ್ವಾ ಅತ್ತೆ? ಕಚ್ಚಲಿ, ಹರೀಲಿ, ಪುಸ್ತಕ ಮಾತ್ರ ಅವಳ ಕೈಗೆ ಸಿಕ್ತಾನೇ ಇರಲಿ ಅಂದ್ರಲ್ವಾ?”

ಪುಟ್ಟಬಸಮ್ಮ ಕೇಳಿದ್ದಳು. ಕೇಳಿದ ದಿನದಿಂದಲೇ ಅವಳ ತಲೆ ಕೆಟ್ಟು ಕೂತಿದ್ದು! ಆ ಡಾಕ್ಟರಮ್ಮ ಕೂಸಿನ ಕಿವಿ ನೋಡಿದಳು, ಬಾಯಿ ನೋಡಿದಳು, ಗೊಂಬೆ ಕೊಟ್ಟು ಆಡಿಸಿ ನೋಡಿದಳು. ಎಲ್ಲ ಸರಿಯಾಗಿದೆ, ಮಾತು ತಡವಾಗಿದೆ ಅಷ್ಟೆ ಅಂದಳು. ಊಟ ಮಾಡಿಸೋಕೆ ಮೊಬೈಲು ಕೊಡುವುದನ್ನು ನಿಲ್ಲಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ಓದಿ ಅಂದಳು. ಒಂದೇ ಪುಸ್ತಕವನ್ನು ನೂರು ಸಲ ಓದಿಸಿಕೊಂಡರೂ ಬೇಸರ ಮಾಡಿಕೊಳ್ಳಬೇಡಿ, ಕೇಳಿದ್ದನ್ನೇ ಕೇಳುತ್ತ ಮಗು ಒಳಗೊಳಗೇ ಮಾತು ಕೂಡಿಡುತ್ತದೆ ಅಂದಳು. ಚಿತ್ರ ತೋರಿಸಿ ಏನಾದರೂ ಕೇಳಿ, ಕೇಳಿದ ಮೇಲೆ ಸುಮ್ಮನೆ ಕಾಯಿರಿ, ನೀವೇ ಉತ್ತರ ಹೇಳಿಬಿಡಬೇಡಿ ಅಂತಲೂ ಅಂದಳು. ಅಲ್ಲ, ಪುಸ್ತಕ ಓದಿ ಓದಿಯೇ ಡಾಕ್ಟರಾದವಳು ‘ಪುಸ್ತಕ ಕಚ್ಚಲಿ’ ಅನ್ನುತ್ತಾಳಲ್ಲ, ಇದಕ್ಕೆ ಏನನ್ನಬೇಕು! ಓದಿದವಳ ಮಾತು ನಂಬದೆ ಇರುವುದು ಹೇಗೆ? ನಂಬಿದರೆ ತಾನು ಇಷ್ಟು ವರ್ಷ ಕೈಮುಗಿದದ್ದು ಯಾವುದಕ್ಕೆ? ಪುಟ್ಟಬಸಮ್ಮನಿಗೆ ಎತ್ತ ಹೊರಳಿದರೂ ಗೋಡೆಯೇ ಸಿಕ್ಕಿತು.

ಓದು ಬಾರದವಳಿಗೆ ಪುಸ್ತಕದ ಮೇಲೆ ಇರುವಷ್ಟು ಭಯಭಕ್ತಿ ಓದಿದವರಿಗೆಲ್ಲಿಂದ ಬರಬೇಕು? ತವರೂರು ಹೆಮ್ಮರಗಾಲದಲ್ಲಿ ಅವಳಿನ್ನೂ ಲಂಗ ಹಾಕುತ್ತಿದ್ದ ಹುಡುಗಿಯಾಗಿದ್ದಾಗ, ಜಗಲಿಯಲ್ಲಿ ತಮ್ಮ ಹರಡಿಟ್ಟಿದ್ದ ಪುಸ್ತಕ ನೋಡದೆ ದಾಟಿ ಹೋಗಿದ್ದಕ್ಕೆ ಅಪ್ಪ ಕೆನ್ನೆಗೆ ಬಿಗಿದಿದ್ದ. ಪುಸ್ತಕದ ಮುಂದೆ ಅಡ್ಡಬೀಳಿಸಿದ್ದ. ಅದರೊಳಗೆ ಏನಿದೆ ಅಂತ ಮಾತ್ರ ಯಾರೂ ತೋರಿಸಲಿಲ್ಲ, ಅವಳನ್ನು ಸ್ಕೂಲಿಗೂ ಕಳಿಸಲಿಲ್ಲ. ಅಂದಿನಿಂದ ಅವಳಿಗೆ ಪುಸ್ತಕವೆಂದರೆ ದೂರದಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ವಸ್ತು. ಮದುವೆಯಾಗಿ ಬಂದ ಊರಲ್ಲಿ, ನಂಜುಂಡೇಶ್ವರನ ದೇವಸ್ಥಾನದ ಬೀದಿಯಲ್ಲಿ ಗಂಡ ಗಂಗಾಧರಸ್ವಾಮಿಯ ವಿಭೂತಿ, ಊದುಬತ್ತಿ ಅಂಗಡಿ. ಊದುಬತ್ತಿ ಕಟ್ಟಿಕೊಡುವ ರದ್ದಿ ಹಾಳೆಯನ್ನೂ ಅವಳು ಕಾಲು ತಾಕದಂತೆ ಎತ್ತಿಡುತ್ತಿದ್ದಳು.

ಅಂಥವಳ ಮನೆಗೆ ಪುಸ್ತಕದ ಮೇಲೆ ಮಲಗುವ ಮೊಮ್ಮಗಳು ಬಂದಳು! ಮೂಲೆ ಕಚ್ಚಿ ಕಚ್ಚಿ ಮೆತ್ತಗೆ ಮಾಡಿದ್ದಳು. ಅದರಲ್ಲೂ ಗೆಜ್ಜೆ ಕಳೆದುಕೊಂಡ ಮೇಕೆಮರಿಯ ಪುಸ್ತಕ ಅಂದರೆ ಅವಳಿಗೆ ಪ್ರಾಣ. ಊಟ ಮುಗಿದದ್ದೇ ತಡ, ಪುಸ್ತಕ ಎಳೆದುಕೊಂಡು ಬಂದು, ಹಿಮ್ಮುಖವಾಗಿ ನಡೆದು, ಅಮ್ಮನ ತೊಡೆಗೆ ಕೂರುವಳು. “ಕೋಳೀ ಕೋಳೀ, ನನ್ನ ಗೆಜ್ಜೆ ಕಂಡ್ಯಾ?” “ಇಲ್ಲಪ್ಪಾ ಇಲ್ಲ, ಎಮ್ಮೇನ ಕೇಳು...” ಪವಿತ್ರ ಓದುವಳು. “ಎಮ್ಮೆ ಎಲ್ಲಿ?” ಎಂದು ಕೇಳಿ ಸುಮ್ಮನಾಗುವಳು. ಆ ಸುಮ್ಮನಿರುವಿಕೆಯೇ ಪುಟ್ಟಬಸಮ್ಮನ ಮೈ ಉರಿಸುತ್ತಿತ್ತು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುವುದು ಯಾವ ಸೀಮೆಯ ಆಟ? ಬೈದುಕೊಳ್ಳುತ್ತಲೇ ಅಡುಗೆಮನೆಯಲ್ಲಿ ಕಿವಿಗೊಟ್ಟು ಕೇಳಿ ಕೇಳಿ ಅರ್ಧ ಕಥೆ ಅವಳಿಗೂ ಬಾಯಿಪಾಠವಾಗಿತ್ತು. ಕೊನೆ ಮಾತ್ರ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಮಗುವಿನ ಕಣ್ಣು ಎಳೆಯುತ್ತಿತ್ತು, ಪವಿತ್ರಳ ದನಿ ಪಿಸುಮಾತಾಗಿ ಗೋಡೆ ದಾಟುತ್ತಿರಲಿಲ್ಲ.

“ಅದನ್ನ ಇಳಿಸಿ ಕೊಡಿ ಅತ್ತೆ,” ಎಂದಳು ಪವಿತ್ರ ಈಗ. ಕೈ ಚಾಚಿದರೆ ಗಂಟು ಅವಳಿಗೇ ಸಿಗುತ್ತಿತ್ತು. ಆದರೆ ಸ್ನಾನವಾಗದೆ ಯಾರೂ ಮುಟ್ಟದ ಗೂಡು ಅದು. ಅಷ್ಟು ಮಾತು ಮೀರುವ ಹುಡುಗಿ ಅವಳಲ್ಲ.

“ಇಳ್ಸಕಿಲ್ಲ.”

“ಅವಳು ಈಗೀಗ ಪುಟ ತಿರುಗಿಸೋದು ಕಲ್ತಿದ್ದಾಳೆ. ಚಿತ್ರ ಕೇಳಿದ್ರೆ ಬೆರಳಿಡ್ತಾಳೆ. ಇದು ನಿಂತ್ರೆ ಎಲ್ಲ ನಿಂತೋಗುತ್ತೆ ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ...”

“ನನ್ ಕಾಲಿಗ್ಯಾಕೆ ಬೀಳ್ತೀ? ಆ ತಾಯಿ ಕಾಲಿಗೆ ಬೀಳು! ನರಸೀಪುರದಲ್ಲಿ ನಿಮ್ಮವ್ವ ಇದನ್ನೆಲ್ಲ ಯೋಳಿಕೊಡ್ಲಿಲ್ವಾ? ನೀನು ಇಂಗೇ ಮಾಡ್ತಿರು. ಕೂಸು ಮೂಗಿಯಾಗೇ ಉಳೀತದೆ... ಮೂಗಿ!”

ಅಯ್ಯೋ... ಆ ಮಾತು ಬಾಯಿಂದ ಬಿದ್ದದ್ದೇ ತಡ, ಪುಟ್ಟಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀದಿಯ ಹೆಂಗಸರು ಹಿಂದಿನಿಂದ ಅಂದಾಗ ಜಗಳಕ್ಕೆ ಹೋಗಿದ್ದವಳು ತಾನೇ! ಅದೇ ಮಾತನ್ನು ಕೂಸಿನ ಮುಂದೆ ಹೇಗೆ ಆಡಿದೆ? ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ನಾಲಿಗೆ ಏಳಲಿಲ್ಲ. ಪವಿತ್ರ ಮಗುವಿನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದಳು. ತಡವಾಗಿತ್ತು.

ಅಷ್ಟರಲ್ಲಿ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿದ ಮಗ ಅಮೃತೇಶ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ. “ಅವ್ವಾ...” ಎಂದ. “ಪವೀ...” ಎಂದ. ಮುಂದೆ ಏನೂ ಹೊಳೆಯದೆ ಹೆಲ್ಮೆಟ್ಟಿನ ಪಟ್ಟಿ ತಿರುಚುತ್ತ ನಿಂತ. ಆ ಮನೆಯಲ್ಲಿ ಮಾತು ಬಾರದವರು ಕೂಸೊಂದೇ ಅಲ್ಲ ಎಂಬುದು ಅವತ್ತು ಖಾತ್ರಿಯಾಯಿತು.

ಪವಿತ್ರ ಅಳಲಿಲ್ಲ. ಬಟ್ಟೆ ತುಂಬಿದಳು, ಮಗುವನ್ನು ಸೊಂಟಕ್ಕೇರಿಸಿದಳು, ಹೊಸಿಲಲ್ಲಿ ನಿಂತು ತಿರುಗಿದಳು. “ಅವಳು ಮಾತಾಡೋವರೆಗೂ ನಾನು ಈ ಮನೆಗೆ ಬರೋದಿಲ್ಲ ಅತ್ತೆ. ಪುಸ್ತಕ ಇಲ್ಲೇ ಇರಲಿ. ನಿಮ್ಮ ದೇವರೇ ಓದ್ಕೊಳ್ಳಲಿ!”

ಗಾನವಿ ಅಮ್ಮನ ಭುಜದ ಮೇಲಿನಿಂದ ಗೂಡನ್ನೇ ನೋಡುತ್ತ ಹೋಯಿತು.

ಮನೆ ಭಣಗುಟ್ಟಿತು. ಪುಟ್ಟಬಸಮ್ಮನಿಗೆ ಇದೊಂದು ಬಿಡಿಸಲಾರದ ಕಗ್ಗಂಟಾಯಿತು. ಒಂದು ಮಾತೂ ಆಡದ ಕೂಸು ಹೋದರೆ ಮನೆ ಇಷ್ಟು ಸದ್ದಡಗುವುದು ಹೇಗೆ? ಮಧ್ಯಾಹ್ನ ಪಾತ್ರೆ ಬೆಳಗುವಾಗ ಅವಳಿಗೆ ಅರಿವಿಲ್ಲದೆ ಕಿವಿ ನಡುಮನೆಯತ್ತ ಹೋಗುತ್ತಿತ್ತು. ಕೋಳಿಯೂ ಇಲ್ಲ, ಎಮ್ಮೆಯೂ ಇಲ್ಲ... ದಿನವೂ ಗಂಟಿಗೆ ಹೊಸ ಹೂ ಏರಿಸಿ, “ತಾಯಿ, ಈಗ ಯಾರೂ ತುಳಿತಿಲ್ಲ, ಯಾರೂ ಕಚ್ತಿಲ್ಲ. ನನ್ ಕೂಸಿಗೆ ಮಾತು ಕೊಡವ್ವ,” ಎಂದು ಬೇಡಿಕೊಳ್ಳುವಳು. ಬೇಡಿಕೊಂಡ ಮರುಗಳಿಗೆಯೇ ಅನುಮಾನ ಸುರುವಾಗುವುದು. ತಾನು ಮಾಡಿದ್ದು ಪೂಜೆಯೋ ಪಾಪವೋ? ಪೂಜೆಯಾದರೆ ಎದೆಯಲ್ಲಿ ಯಾಕಿಷ್ಟು ಸಂಕಟ? ಪಾಪವಾದರೆ ದೇವರ ಗೂಡಿನಲ್ಲಿ ಅದು ಕೂತಿರುವುದಾದರೂ ಹೇಗೆ?

“ಏನಮ್ಮಿ, ನಂಜುಂಡಪ್ಪ ಎಷ್ಟು ಪುಟ ಓದಿದ್ನಂತೆ?” ಎಂದು ಗಂಗಾಧರಸ್ವಾಮಿ ಅಂಗಡಿಗೆ ಹೊರಡುತ್ತ ಕೇಳಿದ.

“ಸುಮ್ಕೆ ಓಗಿ ನೀವು! ಉರಿಯೋದರ ಮ್ಯಾಲೆ ಉಪ್ಪು ಉಜ್ಜಬ್ಯಾಡಿ.”

“ಉಜ್ತಿಲ್ಲ ಕಣಮ್ಮಿ. ನಾನೂ ಅಂಗಡೀಲಿ ಅದನ್ನೇ ಯೋಚ್ನೆ ಮಾಡ್ತೀನಿ,” ಎಂದವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

ಅಮೃತೇಶ್ ರಜೆ ಸಿಕ್ಕಾಗೆಲ್ಲ ನರಸೀಪುರಕ್ಕೆ ಹೋಗಿ ಬರುತ್ತಿದ್ದ. ಪವಿತ್ರ ಬೇರೆ ಪುಸ್ತಕ ತಂದಳಂತೆ. ಮಗು ಪುಟ ತಿರುಗಿಸಿ ನೋಡಿ ಪಕ್ಕಕ್ಕೆ ತಳ್ಳಿತಂತೆ. ಬೆರಳು ತೋರುವುದನ್ನೂ ಕಡಿಮೆ ಮಾಡಿದೆಯಂತೆ... ಇಷ್ಟು ಹೇಳಿ ಅವನು ತಾಯಿಯ ಮುಖ ನೋಡದೆ ಎದ್ದು ಹೋದ.

ಒಂದು ಬೆಳಿಗ್ಗೆ ಬೀಗಿತ್ತಿ ದೇವಮ್ಮಣ್ಣಿಯ ಫೋನು ಬಂತು. ಪವಿತ್ರಳ ತಾಯಿ ಬಹಳ ಒಳ್ಳೆಯ ಹೆಂಗಸು. ಮಕ್ಕಳ ಮುನಿಸು ದೊಡ್ಡವರಿಗೆ ತಾಗಬಾರದೆಂದು ಆಗಾಗ ಮಾತಾಡುವಳು. ಅವತ್ತು ಅವಳ ದನಿಯಲ್ಲಿ ಸಡಗರವಿತ್ತು.

“ಬೀಗ್ತೇರೇ, ನಿಮ್ಮ ಮೊಮ್ಮಗಳಿಗೆ ಅದೇನು ಭಕ್ತಿ ಅಂತೀರಿ! ಎದ್ದ ತಕ್ಷಣ ದೇವ್ರ ಗೂಡಿನ ಮುಂದೆ ಓಗಿ ಕುಂತ್ಕತದೆ. ಮ್ಯಾಕ್ಕೆ ಎಲ್ಡು ಕೈಯೂ ಚಾಚ್ಕಂಡು ನೋಡ್ತಾ ಕುಂತ್ರೆ ಊಟಕ್ಕೂ ಏಳಕಿಲ್ಲ. ನೋಡ್ದೋರೆಲ್ಲ ಯಾರೋ ಶರಣೆ ಉಟ್ಟಿ ಬಂದವಳೆ ಅಂತಾರೆ!”

ಪುಟ್ಟಬಸಮ್ಮ ತನ್ನ ಗೂಡಿನ ಗಂಟಿನತ್ತ ತಿರುಗಿ ನೋಡಿದಳು. ಭಕ್ತಿಯಲ್ಲ ಅದು... ಅಯ್ಯೋ ಶಿವನೇ, ಭಕ್ತಿಯಲ್ಲ! ಕೂಸು ತನ್ನ ಮೇಕೆಮರಿಯನ್ನು ಕೇಳುತ್ತಿದೆ. ದೇವರ ಗೂಡು ಅಂದರೆ ಪುಸ್ತಕ ಮುಚ್ಚಿಡುವ ಜಾಗ ಅಂತ ತಿಳಿದುಕೊಂಡಿದೆ. ಹಾಗೆ ತಿಳಿಸಿಕೊಟ್ಟವಳು ಅದರ ಅಜ್ಜಿ. ದಿನಾ ಬೆಳಿಗ್ಗೆ ಇಲ್ಲಿ ತಾನು ಕೈಮುಗಿದು ಬೇಡುವಾಗ ಅಲ್ಲಿ ಅದು ಕೈಚಾಚಿ ಬೇಡುತ್ತಿದೆ. ಇಬ್ಬರಲ್ಲಿ ಯಾರ ಮಾತನ್ನು ದೇವರು ಕೇಳಬೇಕು? ಪುಟ್ಟಬಸಮ್ಮ ಫೋನು ಇಟ್ಟವಳೇ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಗಂಟನ್ನು ಇಳಿಸಿದಳು. ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಬಸ್ಸಿನಲ್ಲಿ ಗಂಟು ತೊಡೆಯ ಮೇಲಿತ್ತು. ಪಕ್ಕದ ಹೆಂಗಸು ವಿಭೂತಿ ನೋಡಿ, “ಪ್ರಸಾದವಾ ಅಮ್ಮ?” ಎಂದು ಕೈ ಚಾಚಿದಳು. ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ತಿಳಿಯದೆ ಪುಟ್ಟಬಸಮ್ಮ ಕಕ್ಕಾಬಿಕ್ಕಿಯಾಗಿ ಕಿಟಕಿಯ ಕಡೆ ತಿರುಗಿದಳು. ನರಸೀಪುರ ಬರುವವರೆಗೂ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಗಂಟಿನಲ್ಲಿರುವುದು ದೇವರೋ, ಆಟದ ಸಾಮಾನೋ? ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೊಳೆ ಬೀದಿಯ ಮನೆಯಲ್ಲಿ ದೇವಮ್ಮಣ್ಣಿ ನೀರು ಕೊಟ್ಟು, ಚಾಪೆ ಹಾಸಿ, “ಪವೀ, ನಿಮ್ಮತ್ತೆ ಬಂದವರೆ!” ಎಂದು ಒಳಗೆ ಕೂಗಿದಳು. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಸುರುವಾಯಿತು. ಯಾರೂ ಹೊರಗೆ ಬರಲಿಲ್ಲ. ದೇವಮ್ಮಣ್ಣಿ ಮುಖ ಸಣ್ಣದು ಮಾಡಿಕೊಂಡು ಮಜ್ಜಿಗೆ ತರಲು ಎದ್ದಳು.

ಗಾನವಿ ದೇವರ ಗೂಡಿನ ಕೆಳಗೆ ಕೂತಿತ್ತು. ಅಜ್ಜಿಯನ್ನು ನೋಡಿತು. ಗಂಟನ್ನು ನೋಡಿತು. ಎದ್ದು ಓಡಿ ಬಂದು ಎರಡೂ ಕೈಯಿಂದ ಗಂಟು ಎಳೆಯತೊಡಗಿತು. ಬಿಚ್ಚಲಾಗದೆ ಹಲ್ಲು ಹಾಕಿತು! ಪುಟ್ಟಬಸಮ್ಮ ತಾನೇ ಬಿಚ್ಚಿಕೊಟ್ಟಳು. ಮೇಕೆಮರಿಯ ಪುಸ್ತಕ ಹೊರಬಂದದ್ದೇ ಕೂಸು ಅದನ್ನು ಎದೆಗೆ ಅವುಚಿಕೊಂಡಿತು. ಆಮೇಲೆ ಹಿಮ್ಮುಖವಾಗಿ ನಡೆದು ಬಂದು... ಅಜ್ಜಿಯ ತೊಡೆಯ ಮೇಲೆ ಧೊಪ್ಪನೆ ಕೂತು, ಪುಸ್ತಕ ತೆರೆದು, ಕತ್ತೆತ್ತಿ ಅವಳ ಬಾಯನ್ನೇ ನೋಡಿತು.

“ನಂಗೆ ಓದಕೆ ಬರಕಿಲ್ಲ ಕಣವ್ವ,” ಎಂದಳು ಪುಟ್ಟಬಸಮ್ಮ ಮೆಲ್ಲಗೆ. “ನಿಮ್ಮವ್ವನ್ನೇ ಕರಿ...”

ಕೂಸು ಅವಳ ತೋರುಬೆರಳು ಹಿಡಿದು ಚಿತ್ರದ ಮೇಲೆ ಇಟ್ಟಿತು. ಇನ್ನೇನು ಮಾಡುವುದು? ಅಡುಗೆಮನೆಯಲ್ಲಿ ಕೇಳಿ ಕಲಿತಿದ್ದನ್ನೇ ಸುರುಮಾಡಿದಳು. “ಕೋಳೀ ಕೋಳೀ, ನನ್ ಗೆಜ್ಜೆ ಕಂಡ್ಯಾ?” ಪುಟದಲ್ಲಿದ್ದದ್ದು ಕೆಸರಲ್ಲಿ ಮಲಗಿದ ಎಮ್ಮೆ. ಕೂಸು ಬೆರಗಿನಿಂದ ಅಜ್ಜಿಯ ಮುಖ ನೋಡಿ, ಪುಟ ಹಿಂದಕ್ಕೆ ತಿರುಗಿಸಿ ಕೋಳಿಯ ಮೇಲೆ ಕೈಯಿಟ್ಟಿತು. “ಓ, ಇಲ್ಲದಾ ಕೋಳಿ? ತಪ್ಪಾತು ಕಣವ್ವ.” ಎಮ್ಮೆಯ ಮಾತನ್ನು ಕಾಗೆಗೆ ಹೇಳಿದಳು. ಕೂಸು ತಲೆಯಾಡಿಸಿ ಅವಳ ಬೆರಳನ್ನು ಸರಿಮಾಡಿತು. ಆಗ ಪುಟ್ಟಬಸಮ್ಮನಿಗೆ ಹೊಳೆಯಿತು. ಯಾವ ಮಾತು ಯಾವ ಚಿತ್ರದ್ದು ಎಂದು ಈ ಕೂಸಿಗೆ ಪೂರಾ ಗೊತ್ತಿದೆ! ಒಂದೊಂದನ್ನೂ ಒಳಗೆ ಇಟ್ಟುಕೊಂಡು ಕೂತಿದೆ!

ಪುಟ ತಿರುಗುತ್ತ ತಿರುಗುತ್ತ ಅವಳಿಗೆ ಕೇಳಿ ಗೊತ್ತಿಲ್ಲದ ಜಾಗ ಬಂತು. ಗುಡಿಸಲ ಮುಂದೆ ಒಬ್ಬ ಮುದುಕಿ ಕೂತಿದ್ದಾಳೆ. ಬಿಳಿ ತಲೆ, ಬೊಚ್ಚು ಬಾಯಿ. ಅವಳ ಮಡಿಲಲ್ಲಿ ಗೆಜ್ಜೆ, ಅದರ ಮೇಲೆ ಅರ್ಧ ಮುಚ್ಚಿದ ಸೆರಗು. ದೂರದಲ್ಲಿ ಬರಿಗೊರಳಿನ ಮೇಕೆಮರಿ ಕಣ್ಣೀರು ತುಂಬಿಕೊಂಡು ನಿಂತಿದೆ. ಪುಟ್ಟಬಸಮ್ಮ ದಿಟ್ಟಿಸಿದಳು. ಯಾರೂ ಓದಿ ಹೇಳಬೇಕಾಗಿರಲಿಲ್ಲ. ಎಲ್ಲ ಕಣ್ಣಿಗೆ ಕಾಣುವ ಹಾಗೆ ಬರೆದಿಟ್ಟಿದ್ದಾರಲ್ಲ!

“ಓ... ಇವಳಾ!” ಅವಳ ದನಿ ಒಡೆಯಿತು. “ನೋಡ್ದಾ ಕೂಸೇ, ಈ ಮುದ್ಕಿನೇ ಮಾಡಿರಾದು. ಆಟ ಆಡೋ ಮರಿ ಗೆಜ್ಜೇನ ಕಿತ್ಕಂಡು ತನ್ ಸೆರಗಲ್ಲಿ ಮುಚ್ಚಿಟ್ಕಂಡವಳೆ. ಕಳ್ಳಿ ಕಣವ್ವ ಇವಳು... ಮರಿ ಅಳ್ತಾ ನಿಂತಿದ್ರೂ ಕೊಡ್ಲಿಲ್ಲ... ಕಳ್ಳಿ...”

ಕಣ್ಣೀರು ಟಪ್ಪನೆ ಪುಟದ ಮೇಲೆ ಬಿತ್ತು.

“ಅಲ್ಲ.”

ಪುಟ್ಟಬಸಮ್ಮ ಬೆಚ್ಚಿ ಬಾಗಿಲ ಕಡೆ ನೋಡಿದಳು. ಪವಿತ್ರ ಬಂದಳೇನೋ ಅಂದುಕೊಂಡಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹಾಗಾದರೆ...

“ಅಲ್ಲ!” ತೊಡೆಯ ಮೇಲಿನ ಕೂಸು ಸಿಟ್ಟಿನಿಂದ ಮುಖ ಕೆಂಪಗೆ ಮಾಡಿಕೊಂಡು, ಯಾರೋ ಅವಳನ್ನು ಹೊಡೆಯಲು ಬಂದ ಹಾಗೆ, ಪುಟದ ಮುದುಕಿಯನ್ನು ಪುಟ್ಟ ಅಂಗೈಯಿಂದ ಮುಚ್ಚಿ ಹಿಡಿದಿತ್ತು. ಆಮೇಲೆ ಕೈ ತೆಗೆದು ಪುಟ ತಿರುಗಿಸಿ ತೋರಿಸಿತು. ಅಲ್ಲಿ ಅದೇ ಮುದುಕಿ ಹೊಸ ದಾರಕ್ಕೆ ಪೋಣಿಸಿದ ಗೆಜ್ಜೆಯನ್ನು ಮೇಕೆಮರಿಯ ಕೊರಳಿಗೆ ಕಟ್ಟುತ್ತಿದ್ದಳು.

ಒಳಗೆ ಏನೋ ಬಿದ್ದ ಸದ್ದಾಯಿತು. ಪವಿತ್ರ ಹಿಟ್ಟಿನ ಕೈಯಲ್ಲೇ ಓಡಿ ಬಂದು ಹೊಸಿಲ ಮೇಲೆ ಕುಸಿದು ಕೂತಳು. “ಅತ್ತೆ... ಈಗ... ಈಗ ಯಾರು...?”

“ನಂಗೊತ್ತಿಲ್ಲ ಕಣವ್ವ! ನಂಗೇನೂ ತಿಳೀತಿಲ್ಲ...” ಪುಟ್ಟಬಸಮ್ಮ ಬಿಕ್ಕಿದಳು. “ಈ ಮುದ್ಕಿ ಕಳ್ಳಿ ಅಂದೆ. ಅಲ್ಲ ಅಂತು... ನನ್ ಕೂಸು ಅಲ್ಲ ಅಂತು! ಇಲ್ಲೇನು ಬರದದೆ, ವಸಿ ಓದವ್ವ.”

ಪವಿತ್ರ ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಹಿಟ್ಟಾಯಿತು. ಹತ್ತಿರ ಬಂದು, ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. “‘ಅಳಬೇಡ ಮರಿ. ದಾರ ಹರಿದು ದಾರಿಯಲ್ಲಿ ಬಿದ್ದಿತ್ತು. ಯಾರಾದರೂ ತುಳಿದಾರೆಂದು ಎತ್ತಿಟ್ಟಿದ್ದೆ. ಬಾ, ಕಟ್ಟುತ್ತೇನೆ.’”

ಯಾರಾದರೂ ತುಳಿದಾರೆಂದು... ಪುಟ್ಟಬಸಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ಮೂಗಿ ಅಂದ್ಬುಟ್ಟೆ ಕಣವ್ವ... ಈ ಬಾಯಲ್ಲಿ ಅಂದ್ಬುಟ್ಟೆ! ನೀನು ಮನೆಗೆ ಬರದೆ ಇದ್ರೂ ಸರಿ, ಪುಸ್ತಕ ನಿನ್ ಅತ್ರಾನೇ ಮಡೀಕಂಡಿರು. ನಾನೇ ಇಲ್ಲಿಗೆ ಬಂದು ನೋಡ್ಕಂಡು ಓಗ್ತೀನಿ.”

ಪವಿತ್ರ ಕೈಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು. ಆ ಮಾತಿನ ಗಾಯ ಅಷ್ಟು ಬೇಗ ಮಾಯುವಂಥದ್ದಲ್ಲ. ಆಮೇಲೆ ಅತ್ತೆಯ ಪಕ್ಕಕ್ಕೆ ಸರಿದು ಕೂತಳು. “ಬರ್ತೀನಿ ಅತ್ತೆ. ಆದ್ರೆ ಈ ಪುಸ್ತಕಗಳು ಮತ್ತೆ ಗೂಡಿಗೆ ಹೋಗಬಾರ್ದು.”

“ಇಡಕಿಲ್ಲ ಕಣವ್ವ, ಆ ನಂಜುಂಡಪ್ಪನಾಣೆ ಇಡಕಿಲ್ಲ.”

ಗಾನವಿಗೆ ಈ ಒಪ್ಪಂದ ಯಾವುದೂ ಬೇಕಿರಲಿಲ್ಲ. ಅದು ಪುಟ ಹಿಂದಕ್ಕೆ ತಿರುಗಿಸಿ, ಮುದುಕಿಯ ಮೇಲೆ ಬೆರಳಿಟ್ಟು, ಅಜ್ಜಿಯ ಮುಖ ನೋಡುತ್ತ ಸುಮ್ಮನೆ ಕಾಯುತ್ತಿತ್ತು. ಅದರ ಒಂದು ಕಾಲು ಪುಸ್ತಕದ ಅಂಚಿನ ಮೇಲಿತ್ತು. ಪುಟ್ಟಬಸಮ್ಮನ ಕೈ ರೂಢಿಯಂತೆ ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಮುಂದಾಯಿತು. ಅರ್ಧ ದಾರಿಯಲ್ಲಿ ನಿಂತಿತು. ಸರಿಯೋ ತಪ್ಪೋ ಅವಳಿಗೆ ಈಗಲೂ ತಿಳಿಯಲಿಲ್ಲ. ಆ ಕೈಯನ್ನು ಕೂಸಿನ ಪಾದದ ಮೇಲೆ ಇಟ್ಟು, ಅಲ್ಲೇ ಇರಲಿ ಎಂದು ಬಿಟ್ಟಳು.

“ಈ ಮುದ್ಕಿ ಕಳ್ಳಿ ಅಲ್ವಾ ಕೂಸೇ?” ಎಂದು ಬೇಕೆಂದೇ ಕೇಳಿದಳು. ಕೇಳಿ, ತಾನೂ ಸುಮ್ಮನೆ ಕಾದಳು.

“ಅಲ್ಲ!”

ಪುಟ್ಟಬಸಮ್ಮ ಮತ್ತೆ ಕೇಳಿದಳು.